ಪಿನ್ನರ್ ಹೋಬಳಿಯ ತಹಶೀಲ್ದಾರರು

ಗ್ರೇಟರ್ ಲಂಡನ್ನಿಗೆ ತಹಶೀಲ್ದಾರರಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದ್ದಾರೆ! ಪಿನ್ನರ್‌ನ ನಮ್ಮ ಮನೆಯ ಮಹಡಿಯ ಸಣ್ಣ ಕೋಣೆಯಲ್ಲಿ, ಸೀರೆಯ ಮೇಲೆ ನನ್ನ ಗಂಡನ ಹಳೆಯ ಜಾಕೆಟ್ ತೊಟ್ಟು ಆಡಳಿತ ನಡೆಸುತ್ತಿದ್ದಾರೆ. ಅವರು ನನ್ನ ಸೋದರತ್ತೆ. ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಕಂದಾಯ ಇಲಾಖೆಯ ಕೆಲಸ ಮಾಡಿ ನಿವೃತ್ತರಾದವರು, ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಾರೆ. ನಿವೃತ್ತಿಯ ಆದೇಶ ಅವರಿಗೆ ತಲುಪಿರುವುದು ನಿಜ. ಜಾರಿಗೆ ಬಂದಿಲ್ಲ, ಅಷ್ಟೆ.

ಬಂದ ಮರುದಿನವೇ ವಿಚಾರಣೆ ಶುರು.

“ಇದು ಯಾವ ಹೋಬಳಿ?”

“ಇಲ್ಲಿ ಹೋಬಳಿ ಇಲ್ಲ ಅತ್ತಿ. ಕೌನ್ಸಿಲ್ ಅದ.”

“ಹೋಬಳಿ ಇಲ್ಲದ ಇಷ್ಟು ಮಂದೀನ್ನ ಹೆಂಗ ಸಂಭಾಳಸ್ತಾರ?”

ನನಗೇನು ಗೊತ್ತು? ನಾನು ಆಸ್ಪತ್ರೆಯ ಡಾಕ್ಟರು. ಕೌನ್ಸಿಲ್‌ನವರು ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ ಒಯ್ಯುತ್ತಾರೆ ಎಂಬುದನ್ನೇ ಅರ್ಧ ಸಲ ತಪ್ಪುವವಳು! ಅತ್ತೆ ತಡಮಾಡಲಿಲ್ಲ. ಟ್ಯೂಬ್ ನಕಾಶೆಯ ಮೇಲೆ ಪೆನ್ಸಿಲ್ಲಿನ ಗೆರೆ ಎಳೆದು ಮಹಾನಗರವನ್ನು ಹೋಬಳಿಗಳಾಗಿ ಹಂಚಿಬಿಟ್ಟರು. ಮೆಂತ್ಯ ಸೊಪ್ಪು, ಸೀರೆ ಎಲ್ಲ ಸಿಗುವುದರಿಂದ ವೆಂಬ್ಲಿಗೆ ಕಸಬಾ ಪದವಿ. ಫೆಲ್ಥಮ್? “ಅದು ದೂರದ್ದು. ಬಸ್ ಬದಲಿ ಮಾಡಬೇಕು.”

ಗಡಿ ಆದ ಮೇಲೆ ಜನಗಣತಿ ಬೇಡವೇ? ಒಂದು ಶನಿವಾರ ನೋಟ್‌ಬುಕ್ ಹಿಡಿದು ಹೊರಟೇಬಿಟ್ಟರು. “ಅಜ್ಜಿ, ಯೂ ಕಾಂಟ್ ಜಸ್ಟ್ ಆಸ್ಕ್ ಪೀಪಲ್!” ಎಂದು ನನ್ನ ಮಗಳು ಕೂಗಿದಳು. ಅಜ್ಜಿ ಆಗಲೇ ಪಕ್ಕದ ಮನೆಯ ಗಂಟೆ ಒತ್ತಿಯಾಗಿತ್ತು. ನಾನು ಚಪ್ಪಲಿಯಲ್ಲೇ ಓಡಿ, ಕ್ಷಮೆ ಕೇಳುತ್ತ, ಮನೆಯಲ್ಲಿ ಎಷ್ಟು ಜನ ಎಂಬುದನ್ನು ಅನುವಾದಿಸಿ ಕೇಳಿದೆ.

“ನಾವಿಬ್ಬರು, ಮತ್ತೆ ಇವನು,” ಎಂದು ಬಾಗಿಲು ತೆರೆದ ಮುದುಕ, ಕಾಲ ಬಳಿಯಿದ್ದ ನಾಯಿಯನ್ನು ತೋರಿಸಿದ. ಅತ್ತೆ ಜಾನುವಾರು ಒಂದು ಎಂದು ಬರೆದುಕೊಂಡರು. ಅದನ್ನೂ ನಾನು ಅನುವಾದಿಸಿಬಿಟ್ಟೆ, ಮುದುಕನಿಗೆ ಬೇಸರವಾಯಿತು. ಇವನು ನಮ್ಮ ಮಗನಿದ್ದ ಹಾಗೆ ಎಂದ.

“ಹಂಗಾರ ಸರಿಯಾಗಿ ಹೆಸರು ಹೇಳಂತ ಹೇಳು. ವಾರಸಾ ಕಾಲಮ್ಮಿನ್ಯಾಗ ಹಾಕಬೇಕು!”

ಬೈಸಿಕೊಳ್ಳುತ್ತೇವೆ ಎಂದುಕೊಂಡಿದ್ದೆ. ಚಹಾ ಸಿಕ್ಕಿತು! ಹದಿನೈದೇ ದಿನದಲ್ಲಿ ಬೀದಿಯವರು ಬೇಲಿಯ ಜಗಳ, ಪಾರ್ಕಿಂಗಿನ ಜಗಳ ಎಲ್ಲ ಹೊತ್ತು ನಮ್ಮ ಮನೆಗೇ ಬರತೊಡಗಿದರು. ಅತ್ತೆ ಸ್ಥಳ ಪರಿಶೀಲನೆಗೆ ಹೋಗಿ, ಎರಡೂ ಕಡೆಯವರನ್ನು ನನ್ನ ಮೂಲಕ ಗದರಿಸಿ ಬರುತ್ತಿದ್ದರು. ಒಂಬತ್ತು ವರ್ಷದಿಂದ ಈ ಬೀದಿಯಲ್ಲೇ ಇರುವ ನನ್ನ ಪರಿಚಯ ಈಗ ಹೀಗೆ: “ಆ ಆಫೀಸರ್ ಮನೆಯಲ್ಲಿ ಇರುತ್ತಾಳಲ್ಲ, ಅವಳು!”

ಹೋದ ತಿಂಗಳು ಫೆಲ್ಥಮ್‌ನಲ್ಲಿ ಪರಿಚಯದವರ ಮಗುವಿನ ನಾಮಕರಣವಿತ್ತು. ಊಟಕ್ಕೆ ನಮ್ಮ ಎದುರು ಮೂವತ್ತರ ಆಸುಪಾಸಿನವನೊಬ್ಬ ಕೂತಿದ್ದ. ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವ ಕೆಲಸವಂತೆ.

“ಯಾವ ಊರಪ್ಪಾ?”

“ಬೆಂಗಳೂರ್ರೀ.”

“ಬೆಂಗಳೂರು ಅಂದಿ, ‘ರೀ’ ಅಂದಿ. ಎರಡರಾಗ ಒಂದು ಸುಳ್ಳು!”

ಎಲ್ಲರೂ ನಕ್ಕರು. ಅವನು ಅರ್ಧ ನಕ್ಕ. “ನಮ್ಮೂರು ಈಗ ಇಲ್ರಿ. ಡ್ಯಾಮಿನ ಹಿನ್ನೀರಿನ್ಯಾಗ ಹೋತು. ನಾ ಆಗ ಕೂಸು. ಇಲ್ಲದ ಊರಿನ ಹೆಸರು ಹೇಳಿ ಏನು ಮಾಡೂದ್ರಿ?”

ಆದರೂ ಅತ್ತೆ ಬಿಡದೆ ಊರಿನ ಹೆಸರು ಕೇಳಿದರು, ಅವನ ಅಪ್ಪನ ಹೆಸರು ಕೇಳಿದರು. ಅವನು ಹೇಳಿದ. ಅತ್ತೆ ಮುರಿದ ಹೋಳಿಗೆಯನ್ನು ತಟ್ಟೆಯಲ್ಲೇ ಇಟ್ಟರು.

“ಆ ಊರಾಗ ಕಡೀ ಸಲ ಮಂದೀನ್ನ ಎಣಿಸಿದಾಕಿ ನಾನು. ಮನಿ ಖಾಲಿ ಮಾಡ್ರಿ ಅಂತ ನೋಟಿಸು ಕೊಟ್ಟಾಕಿನೂ ನಾನು.”

ಅವನು ಎದ್ದು ಹೋಗುತ್ತಾನೆಂದು ನಾನು ಹೆದರಿದೆ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು.

“ಊರ ಅಗಸಿ ಬಾಗಿಲಾ ದಾಟಿದರ ಬಲಕ್ಕ ಹಣಮಪ್ಪನ ಗುಡಿ. ಮಗ್ಗಲಿಗೆ ಕಂಬಾರರ ಮನಿ. ಆಮ್ಯಾಲೆ ಬಾವಿ. ಬಾವಿ ಎದುರಿಗೆ ನಿಮ್ಮ ಮನಿ, ಹಸರು ಬಾಗಿಲದ್ದು. ನಿಮ್ಮವ್ವ ಬಗಲಾಗ ಕೂಸು ಇಟಗೊಂಡು ಬಂದು ಮಜ್ಜಿಗಿ ಕೊಟ್ಟಳು. ನೋಟಿಸು ಕೊಡಾಕ ಬಂದಾಕಿಗೆ, ಮಜ್ಜಿಗಿ!”

ಅವನು ತಟ್ಟೆ ಬಿಟ್ಟು ಎದ್ದ. ಕುರ್ಚಿಯನ್ನು ಎಳೆದು ತಂದು ಅತ್ತೆಯ ಪಕ್ಕದಲ್ಲೇ ಕೂತ.

“ಊರಿಂದು ಒಂದು ಫೋಟೋನೂ ಇಲ್ರಿ ನಮ್ಮ ಹಂತ್ಯಾಕ,” ಎಂದ. “ಇನ್ನೊಮ್ಮೆ ಹೇಳ್ರಿ ಅಮ್ಮಾರ. ಅಗಸಿಯಿಂದ.”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಮತ್ತೆ ಅಗಸಿಯಿಂದ ಶುರು ಮಾಡಿದರು.