ಮಾವನವರ ರೆಕಾರ್ಡು ಮತ್ತು ಮೂರು ಗೆರೆ ವಿಭೂತಿ

ಜೇವರ್ಗಿ, ಅಫಜಲಪುರ, ಆಳಂದ ಈ ಮೂರೂ ತಾಲೂಕುಗಳಲ್ಲಿ ಹೊಸದಾಗಿ ಬಿಡುಗಡೆಯಾದ ಗ್ರಾಮಫೋನ್ ರೆಕಾರ್ಡುಗಳನ್ನು ಸಂಗ್ರಹಿಸುವ ವ್ಯಕ್ತಿ ನಾನೊಬ್ಬನೇ ಎಂದು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರುತ್ತಿದ್ದೇನೆ. ಇದುವರೆಗೆ ಯಾರೂ ಆಕ್ಷೇಪಣೆ ಸಲ್ಲಿಸಿಲ್ಲ. ಹೌದು, ಹೊಸದಾಗಿ! ರೆಕಾರ್ಡ್ ಎಂದರೆ ಅಜ್ಜನ ಕಾಲದ ಕಪ್ಪು ತಟ್ಟೆ ಎಂದೇ ನಮ್ಮ ಕಚೇರಿಯವರೆಲ್ಲ ತಿಳಿದಿದ್ದಾರೆ. ಅವರಿಗೇನು ಗೊತ್ತು! ಇಬ್ಬರು ಮೂವರು ಗೆಳೆಯರು ಸೇರಿ ನಡೆಸುವ ಪುಟ್ಟ ಕಂಪನಿಗಳು ಈಗಲೂ ಇವೆ. ದೊಡ್ಡ ಕಂಪನಿಗಳು ಮೂಸಿಯೂ ನೋಡದ ಹಾಡುಗಾರರನ್ನು ಹುಡುಕಿ, ಹಾಡಿಸಿ, ಕೆಲವೇ ಪ್ರತಿಗಳನ್ನು ಮಾಡಿಸುತ್ತಾರೆ. ಮುಗಿದರೆ ಮುಗಿಯಿತು. ಮುಗಿಯುವ ಮೊದಲು ತರಿಸಿಕೊಳ್ಳುವುದೇ ನನ್ನ ಜೀವನದ ಗುರಿ. ಹೊಟ್ಟೆಪಾಡಿಗೆ ಜೇವರ್ಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ.

ಸಂಗ್ರಹಕಾರನಿಗೆ ಒಂದು ನಿಯಮವಿದೆ. ಪ್ಲಾಸ್ಟಿಕ್ ಸೀಲ್ ಒಡೆಯಬಾರದು. ಒಡೆದ ಕ್ಷಣವೇ ಅದು ಹಳೆಯ ಮಾಲು. ಹೀಗಾಗಿ ನನ್ನ ಕಪಾಟಿನ ರೆಕಾರ್ಡುಗಳೆಲ್ಲ ಬಂದ ಹಾಗೇ ಇವೆ. ಪ್ಲೇಯರ್ ಕೂಡ ಇದೆ. ಅದರ ಜೊತೆ ಬಿಟ್ಟಿ ಬಂದ ಒಂದು ರೆಕಾರ್ಡು ಮಾತ್ರ ಅದರ ಮೇಲೆ ಆಗಾಗ ಸುತ್ತುತ್ತದೆ.

ನನ್ನ ಹೆಂಡತಿ ಶಿವಲೀಲಾ ಒಮ್ಮೆ ಕೇಳಿದಳು. “ರೀ, ಹಾಡು ಕೇಳಂಗಿಲ್ಲಂದ್ರ ಇವನ್ಯಾಕ ತರಸ್ತೀರಿ?”

“ಇದು ಸಂಗ್ರಹ. ನಿನಗ ತಿಳಿಯಂಗಿಲ್ಲ.”

“ಹಂಗಾರ ನಾನೂ ಸೀರಿ ಸಂಗ್ರಹ ಮಾಡ್ಲೇನ್ರಿ?”

ಸದರಿ ಪ್ರಶ್ನೆಯನ್ನು ನಾನು ಪರಿಶೀಲನೆಯಲ್ಲಿ ಇಟ್ಟಿದ್ದೇನೆ.

ಇನ್ನು ನನ್ನ ಮಾವನವರ ವಿಷಯ. ಗುರುಲಿಂಗಪ್ಪನವರು ಕರಜಗಿಯ ರೈತರು, ಅಲ್ಲಿನ ಭಜನಾ ಮಂಡಳಿಯ ಮುಖ್ಯ ಹಾಡುಗಾರರು. ನನ್ನ ಮೇಲೆ ಅವರಿಗೆ ಅಂಥ ಭರವಸೆಯೇನಿಲ್ಲ. ಮದುವೆಯಾದ ಹೊಸತರಲ್ಲಿ ಅವರ ಜೋಳದ ಹೊಲ ನೋಡಿ “ಕಬ್ಬು ಚಲೋ ಬಂದದ್ರಿ” ಎಂದಿದ್ದೆ. ಅವತ್ತಿನಿಂದ ಅವರು ನನ್ನ ಜೊತೆ ಹವಾಮಾನ ಬಿಟ್ಟು ಬೇರೆ ಮಾತಾಡಿದ್ದಿಲ್ಲ. ಅಂಥದ್ದರಲ್ಲಿ ಬೆಂಗಳೂರಿನ ಅಂಥದೇ ಒಂದು ಪುಟ್ಟ ಕಂಪನಿಯವರು ಕರಜಗಿಗೆ ಬಂದು, ಮಾವನವರ ಮಂಡಳಿಯನ್ನು ಹಾಡಿಸಿ, ರೆಕಾರ್ಡು ಹೊರತಂದರು! ರೆಕಾರ್ಡು ಮಾತ್ರ. ಮೊಬೈಲಿನಲ್ಲಿ ಎಲ್ಲೂ ಬಿಡುಗಡೆ ಮಾಡಲಿಲ್ಲ. ನಾನು ತಡಮಾಡದೆ ಒಂದನ್ನು ತರಿಸಿ ಕಪಾಟಿಗೆ ಸೇರಿಸಿದೆ. ಸೀಲ್ ಸಮೇತ.

ಎರಡು ತಿಂಗಳ ನಂತರ, ಏಪ್ರಿಲ್ ಬಿಸಿಲಿನಲ್ಲಿ, ಮಾವನವರು ಅಫಜಲಪುರದಲ್ಲಿ ಬಸ್ಸು ಬದಲಿಸಿ ನಮ್ಮ ಮನೆಗೆ ಬಂದರು. ಕಂಪನಿಯವರು ಮಂಡಳಿಗೆ ಗೌರವವಾಗಿ ಕೊಟ್ಟ ಒಂದೇ ಒಂದು ಪ್ರತಿ ಅವರ ಕೈಚೀಲದಲ್ಲಿತ್ತು, ಧೋತರದಲ್ಲಿ ಸುತ್ತಿಕೊಂಡು.

“ಅಳಿಯಂದ್ರ, ಇದನ್ನ ಹಚ್ಚೋ ಮಷಿನ್ ನಮ್ಮ ಊರಾಗ ಯಾರ ಹಂತ್ಯಾಕೂ ಇಲ್ಲ. ನಿಮ್ಮ ಹಂತ್ಯಾಕ ಅದ ಅಂತ ಶಿವಲೀಲಾ ಅಂದ್ಳು. ಬರೋ ಐತವಾರ ನಮ್ಮ ಮಂದೀನ ಕರ್ಕೊಂಡು ಬರ್ತೇನಿ. ನಲವತ್ತ ವರ್ಷ ಹಾಡೀನಿ, ನನ್ನ ದನಿ ನಾನಽ ಕುಂತು ಕೇಳಿಲ್ಲ. ಅಲ್ಲೀತನಕ ಜೋಪಾನ ಇಡ್ರಿ. ನೀವು ತಿಳದವ್ರು.”

ನೀವು ತಿಳದವ್ರು! ಮಾವನವರ ಬಾಯಿಂದ! ನಾನು ಎರಡೂ ಕೈಯಲ್ಲಿ ಸ್ವೀಕರಿಸಿದೆ. ಆ ರಾತ್ರಿ ನನಗೆ ಖುಷಿಯಿಂದ ಊಟವೇ ಸೇರಲಿಲ್ಲ.

ಶುಕ್ರವಾರ ಕಚೇರಿಯಿಂದ ಬಂದವನು ಒಮ್ಮೆ ಹಚ್ಚಿ ನೋಡೋಣವೆಂದು ರೆಕಾರ್ಡನ್ನು ಹೊರಗೆಳೆದೆ. ಅದರ ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ಬೆಳ್ಳಗೆ ಮೂರು ಗೆರೆ!

ನಮ್ಮ ಅವ್ವನಿಗೆ ಹೊಸ ಸಾಮಾನು ಮನೆಗೆ ಬಂದರೆ ವಿಭೂತಿ ಹಚ್ಚದೆ ಸಮಾಧಾನವಿಲ್ಲ. ಫ್ರಿಜ್, ಮಿಕ್ಸರ್, ನನ್ನ ಸ್ಕೂಟರ್, ಎಲ್ಲಕ್ಕೂ ಮೂರು ಗೆರೆ ಬಿದ್ದಿವೆ. ನನ್ನ ರೆಕಾರ್ಡುಗಳಿಗೂ ಬೀಳುತ್ತವೆ, ಆದರೆ ಪ್ಲಾಸ್ಟಿಕ್ಕಿನ ಮೇಲೆ. ಒರೆಸಿದರೆ ಹೋಗುತ್ತವೆ.

“ಯವ್ವಾ, ಇದೇನ ಮಾಡಿದಿ!”

“ಬೀಗರ ದನಿ ಅದರಾಗ ಅದ ಅಂದಿ. ಅದಕ್ಕ ಕವರಿಗಿ ಹಚ್ಚಲಿಲ್ಲ, ಒಳಗಿಂದಽ ತಗದು ನೀರಾಗ ಕಲಸಿ ಹಚ್ಚೀನಿ.”

“ಒಂದಽ ಬಾಜೂ?”

“ದೇವರ ಕೆಲಸ ಅರ್ಧ ಮಾಡ್ತಾರೇನಲೇ? ಎರಡೂ ಬಾಜೂ!”

ಒಣಗಿದ ವಿಭೂತಿ ಸಣ್ಣ ಸಣ್ಣ ಗೀರುಗಳಲ್ಲೆಲ್ಲ ಇಳಿದು ಕೂತಿತ್ತು. ಸೂಜಿ ಇಟ್ಟೆ. ಒಗ್ಗರಣೆಗೆ ಸಾಸಿವೆ ಸಿಡಿದ ಸದ್ದು ಬಂತು. ಸಾಸಿವೆಯ ಹಿಂದೆ ಎಲ್ಲೋ ದೂರದಲ್ಲಿ ಮಾವನವರಿದ್ದರು.

ನಾನು ಧೈರ್ಯಗೆಡಲಿಲ್ಲ. ಶನಿವಾರ ಬೆಳಿಗ್ಗೆ ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಬ್ರಷ್ಷು ತೆಗೆದುಕೊಂಡು ಗೆರೆ ಗೆರೆಯನ್ನೂ ತೊಳೆದೆ. ಒಣಗಲು ಮಾಳಿಗೆ ಮೇಲೆ, ಶಿವಲೀಲಾ ಹಪ್ಪಳ ಹಾಸಿದ್ದ ಸೀರೆಯ ಮೇಲೆಯೇ ಇಟ್ಟೆ. ಐದು ನಿಮಿಷ ಸಾಕೆಂದುಕೊಂಡೆ. ಅಷ್ಟರಲ್ಲಿ ಸಾಹೇಬರ ಫೋನು ಬಂತು. ಸಾಹೇಬರು ಫೋನು ಮಾಡಿದರೆ ಐದು ನಿಮಿಷಕ್ಕೆ ಇಡುವವರಲ್ಲ.

ನಾನು ಮರಳಿ ಮೇಲೆ ಹತ್ತುವಾಗ ಶಿವಲೀಲಾ ಅಲ್ಲೇ ನಿಂತಿದ್ದಳು. “ರೀ, ನನ್ನ ಹಪ್ಪಳ ಎಲ್ಲಾ ನೆಟ್ಟಗ ಅವ. ನಿಮ್ಮದೊಂದಽ ಸೊಟ್ಟಗಾಗ್ಯದ!”

ಬಿಸಿಲಿಗೆ ರೆಕಾರ್ಡಿನ ಅಂಚು ಒಂದು ಕಡೆ ಮೇಲೆದ್ದು, ಇನ್ನೊಂದು ಕಡೆ ಜೋತು ಬಿದ್ದಿತ್ತು. ಸೊಟ್ಟಗಾದದ್ದನ್ನು ನೆಟ್ಟಗೆ ಮಾಡಲು ಭಾರ ಇಡಬೇಕು. ಇದು ಸಾಮಾನ್ಯ ಜ್ಞಾನ. ಮನೆಯಲ್ಲಿ ಭಾರದ ವಸ್ತುವೆಂದರೆ ಜೋಳದ ಚೀಲ. ರೆಕಾರ್ಡನ್ನು ನೆಲದ ಮೇಲಿಟ್ಟು, ಚೀಲವನ್ನು ಹೆಗಲಿಗೇರಿಸಿ ತಂದೆ. ಇಳಿಸುವಾಗ ನಿಧಾನವಾಗಿ ಇಳಿಸಬೇಕೆಂಬ ಉದ್ದೇಶ ನನಗೆ ಖಂಡಿತ ಇತ್ತು. ಚೀಲಕ್ಕೆ ಇರಲಿಲ್ಲ.

ಕಟ್!

ಕಡಕ್ ರೊಟ್ಟಿ ಮುರಿದ ಸದ್ದು. ಚೀಲ ಸರಿಸಿದೆ. ಮಾವನವರು ಎರಡು ತುಂಡಾಗಿದ್ದರು.

“ಅಪ್ಪಗ ಏನ ಹೇಳ್ತೀರಿ?” ಶಿವಲೀಲಾ ಕೆಳದನಿಯಲ್ಲಿ ಕೇಳಿದಳು. ಬಳಿಕ ಅವಳೇ ದಾರಿ ತೋರಿಸಿದಳು. “ನಿಮ್ಮದೊಂದು ಅದ ಅಲ್ರೀ. ಅದನ್ನ ಒಡೀರಿ.”

ಸೀಲ್ ಒಡೆಯುವುದೇ! ಶನಿವಾರದ ಉಳಿದ ಹೊತ್ತೆಲ್ಲ ನಾನು ಕಪಾಟಿನ ಮುಂದೆ ಕೂತೆ. ಮಾವನವರ ಹಾಡು ಮುರಿದಾಗ ಆದದ್ದಕ್ಕಿಂತ ಹೆಚ್ಚಿನ ಸಂಕಟ ನನಗೆ ಆ ಪ್ಲಾಸ್ಟಿಕ್ ನೋಡಿ ಆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಐತವಾರ ಮಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಂಡಳಿಯ ನಾಲ್ವರ ಜೊತೆ ಬಂದರು. ತಾಳದ ಸಿದ್ದಪ್ಪನವರು ಬರೀ ಕೇಳಲು ಬಂದವರಾದರೂ ತಾಳ ತಂದಿದ್ದರು. ಶರಣಾರ್ಥಿಗಳಾದವು, ಚಹಾ ಆಯಿತು. ನಾನು ಒಳಕೋಣೆಗೆ ಹೋಗಿ, ಕಣ್ಣು ಮುಚ್ಚಿಕೊಂಡು ಸೀಲ್ ಹರಿದು, ನನ್ನ ಪ್ರತಿಯನ್ನು ಮಾವನವರ ಕವರಿನಲ್ಲಿ ಹಾಕಿಕೊಂಡು ಬಂದು ಪ್ಲೇಯರ್ ಮೇಲಿಟ್ಟೆ. ಎಲ್ಲರೂ ಟೊಪ್ಪಿಗೆ ತೆಗೆದು ನೆಟ್ಟಗೆ ಕೂತರು.

ಮೊದಲು ಗಿಟಾರು ಅರಚಿತು. ಆಮೇಲೆ ಡ್ರಮ್ಮು. ಆಮೇಲೆ ಯಾರೋ ಇಂಗ್ಲಿಷಿನಲ್ಲಿ ಕಿರುಚಿದರು!

ಮಾವನವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

“ಲೇ ಸಿದ್ದಪ್ಪಾ, ಇದರಾಗ ನೀ ಎಲ್ಲಿದಿ?”

“ಶುರುವಿಗಿ ಪ್ಯಾಟಿ ಮಂದಿ ಏನೋ ಸೇರಸಿರ್ಬೇಕು ತಗೊ. ತಡೀ, ನಾವು ಬರ್ತೇವಿ.”

ತಡೆದರು. ಒಂದು ಬದಿ ಪೂರ್ತಿ ಮುಗಿಯುವ ತನಕ, ತಾಳವನ್ನು ಕೈಯಲ್ಲಿ ಹಿಡಿದುಕೊಂಡು, ಐದೂ ಮಂದಿ ತಮ್ಮ ಸರದಿಗೆ ಕಾದರು. ಯಾರೂ ಬರಲಿಲ್ಲ.

ಆಗ ನಮ್ಮ ಅವ್ವ ಬಾಗಿಲಿಂದ ಕೇಳಿದಳು. “ಅಲ್ಲಲೇ, ನಿನ್ನಿ ಜೋಳದ ಚೀಲದ ಬುಡಕ ಮುರದಿದ್ದು ಬೀಗರ ಹಾಡಲ್ಲೇನು?”

ಇನ್ನು ಮುಚ್ಚಿಡುವಂಥದ್ದು ಏನೂ ಉಳಿಯಲಿಲ್ಲ. ಎರಡು ತುಂಡುಗಳನ್ನು ತಂದು ಮುಂದಿಟ್ಟು, ವಿಭೂತಿಯಿಂದ ಚೀಲದವರೆಗೆ ಎಲ್ಲ ಹೇಳಿದೆ. ಮಾವನವರು ತುಂಡುಗಳನ್ನು ಜೋಡಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ಈಗ ಹಚ್ಚಿದ್ದು?”

“ಅದು ನಾ ತರಿಸಿದ್ದು ರೀ. ನಿಮ್ಮದಽ ಅಂತ. ಕಂಪನ್ಯವರು ತಪ್ಪಿ ಕವರಿನ ಒಳಗ ಬ್ಯಾರೆ ರೆಕಾರ್ಡು ಹಾಕಿ ಕಳಸ್ಯಾರ.”

“ಬಂದು ಎಷ್ಟ ದಿನಾ ಆತು?”

“ಎರಡ ತಿಂಗಳಾತ್ರಿ.”

“ಎರಡ ತಿಂಗಳಾತು. ಒಳಗ ನಾ ಇದ್ದೀನೋ ಇಲ್ಲೋ ನಿಮಗ ಇವತ್ತ ಗೊತ್ತಾತು.” ಮಾವನವರು ತುಂಡುಗಳನ್ನು ಕೆಳಗಿಟ್ಟರು. “ಅಂದ್ರ ನನ್ನ ಹಾಡ ನೀವು ಕೇಳೇ ಇಲ್ಲ, ಅಳಿಯಂದ್ರ.”

ನಾನು ಎದ್ದು ಪ್ಲೇಯರ್ ಬಂದ್ ಮಾಡಿದೆ.

“ಕೂಡ್ರಿ,” ಎಂದರು ಮಾವನವರು. “ಸಿದ್ದಪ್ಪಾ, ತಾಳ ತಗಿ.”

ಹಾಡಿದರು. ಬಾಜೂ ಮನೆಯವರು ಬಂದು ಕೂತರು, ಬೀದಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತರು. ಮಾವನವರ ದನಿ ಅಷ್ಟು ಚೆನ್ನಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ಅವರು ಕೊನೆಯ ಬಸ್ಸಿಗೆ ಹೊರಟಾಗ ನನಗೆ ಹೇಳಿದ್ದು ಒಂದೇ ಮಾತು. “ಬಿಸಿಲು ಜಾಸ್ತಿ ಅದ.” ನಾವು ಮತ್ತೆ ಹವಾಮಾನಕ್ಕೆ ಮರಳಿದೆವು.

ಸೋಮವಾರ ಬೆಳಿಗ್ಗೆಯೇ ಕಂಪನಿಗೆ ಫೋನು ಮಾಡಿ ಗದರಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು.

“ಕ್ಷಮಿಸಿ ಸರ್, ಪ್ಯಾಕಿಂಗಲ್ಲಿ ಅದಲುಬದಲಾಗಿದೆ. ಈಗ ಒಂದು ಪ್ರತಿಯೂ ಉಳಿದಿಲ್ಲ. ಗಿಟಾರ್ ರೆಕಾರ್ಡ್ ತರಿಸಿದ ಯಾರಿಗೋ ನಿಮ್ಮ ಭಜನೆ ಹೋಗಿರಬೇಕು. ಯಾರಿಗೆ ಅಂತಾನೇ ಗೊತ್ತಾಗ್ತಿಲ್ಲ. ಇಷ್ಟು ದಿನವಾದ್ರೂ ಅವರು ಕಂಪ್ಲೇಂಟೇ ಮಾಡಿಲ್ಲ ನೋಡಿ.”

ಫೋನು ಇಟ್ಟೆ. ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಶಿವಲೀಲಾ ಬೆರಗಾಗಿ ಕೇಳಿದಳು. “ಗಿಟಾರ್ ಕೇಳಿದವಗ ನಮ್ಮ ಅಪ್ಪನ ಭಜನಿ ಬಂದ್ರೂ ಸುಮ್ಮ ಕುಂತಾನ? ಯಾಂವರೀ ಅವ?”

ನನಗೆ ಮಾತ್ರ ಅವನ ಪರಿಚಯ ಚೆನ್ನಾಗಿ ಇತ್ತು.

“ಸಂಗ್ರಹಕಾರ,” ಎಂದೆ.