ಎರಡನೇ ಮೇಜಿನ ಖಾಲಿ ಪಟ್ಟಿ

ಜವಾನ ಒಂದನೇ ಮೇಜಿಗೆ ತಂದಿಟ್ಟ ಟೀ ಲೋಟದ ಮೇಲೆ ತಟ್ಟೆ ಮುಚ್ಚಿತ್ತು. ಎರಡನೇ ಮೇಜಿನ ಲೋಟದ ಮೇಲೆ ಮುಚ್ಚಿದ್ದು ಕೆನೆ ಮಾತ್ರ. ಎರಡನೇ ಮೇಡಂ ಹೊಟ್ಟೆಯೊಳಗೆ ಒಲೆ ಹೊತ್ತಿಕೊಳ್ಳಲು ಇಷ್ಟು ಸಾಕಾಯಿತು.

ಕೆಲಸವಿಲ್ಲದವರಿಗೆ ಭತ್ಯೆ ಕೊಟ್ಟು, ಭತ್ಯೆ ರೂಢಿಯಾಗುವ ಮೊದಲೇ ಯಾವುದಾದರೂ ಕೆಲಸಕ್ಕೆ ಹಚ್ಚಿ ಕಳುಹಿಸುವ ಕಚೇರಿ ಅದು. ಎರಡು ಮೇಜು, ಎರಡು ಪಟ್ಟಿ, ಇಬ್ಬರು ಸಮಾಜ ಕಾರ್ಯಕರ್ತೆಯರು. ಇಬ್ಬರೂ ಒಂದೇ ದಿನ ಸೇರಿದವರು. ಆ ದಿನ ಎರಡನೇ ಮೇಡಂ ಬಸ್ಸು ಹತ್ತು ನಿಮಿಷ ತಡವಾಗಿತ್ತು. ಹನ್ನೊಂದು ವರ್ಷವಾದರೂ ಆ ಹತ್ತು ನಿಮಿಷ ಅವರ ಬೆನ್ನು ಬಿಟ್ಟಿರಲಿಲ್ಲ. ಕಿಟಕಿ ಒಂದನೇ ಮೇಜಿನ ಪಾಲಾಗಿತ್ತು, ತುಕ್ಕು ಹಿಡಿದ ಬೀರು ಎರಡನೇ ಮೇಜಿನ ಪಾಲು. ಒಂದನೇ ಮೇಡಂ ಕೆಲಸ ಕೊಡಿಸಿದವರು ಆಮೇಲೂ ಬಂದು ಮಾತಾಡಿಸಿ ಹೋಗುತ್ತಿದ್ದರು. ಎರಡನೇ ಮೇಡಂ ಕೆಲಸ ಕೊಡಿಸಿದವರು ಅವರನ್ನು ದೂರದಲ್ಲಿ ಕಂಡರೆ ರಸ್ತೆ ದಾಟುತ್ತಿದ್ದರು.

ಅಂದು ಸಂಜೆ ಐದಕ್ಕೆ ಕೇಂದ್ರ ಕಚೇರಿಯ ಅಧಿಕಾರಿ ಪಟ್ಟಿ ನೋಡಲು ಬರುವವರಿದ್ದರು. ಮೇಲ್ವಿಚಾರಕಿಯ ಕುರ್ಚಿ ಆರು ತಿಂಗಳಿಂದ ಖಾಲಿ ಇತ್ತು. ಈ ಎರಡನ್ನೂ ಸೇರಿಸಿ ಹೊಲಿದವಳು ಟೈಪಿಸ್ಟ್. ಪಟ್ಟಿ ಮೊದಲು ಖಾಲಿ ಮಾಡಿದವರಿಗೇ ಕುರ್ಚಿ ಎಂದು ಅವಳು ಇಬ್ಬರ ಕಿವಿಗೂ ಬೇರೆಬೇರೆಯಾಗಿ ಗುಟ್ಟು ಹೇಳಿದ್ದಳು. ಕೇಳಿದ ಮರುಗಳಿಗೆಯೇ ಒಂದನೇ ಮೇಡಂ ಕಚೇರಿಯ ಸಾಹೇಬರ ಕೋಣೆಗೆ ಹೋಗಿ ಬಂದಿದ್ದರು. ಬೆಣ್ಣೆ ಹಚ್ಚಲು ಎಂದು ಎರಡನೇ ಮೇಡಂ ಹಲ್ಲು ಕಡಿದಿದ್ದರು.

ಹೊಸ ಹೆಸರುಗಳು ಬರುವುದು ಅಪರೂಪವಾಗಿತ್ತು. ಎರಡೂ ಪಟ್ಟಿಯಲ್ಲಿ ಈಗ ಒಬ್ಬೊಬ್ಬರೇ ಉಳಿದಿದ್ದರು. ಒಂದನೇ ಮೇಜಿನದು ಗಡಿಯಾರ ರಿಪೇರಿಯ ತಾತ. ವಾರಕ್ಕೊಮ್ಮೆ ಬಂದು, ಕಿಟಕಿ ಪಕ್ಕ ಕೂತು, ಟೀ ಕುಡಿದು ಹೋಗುತ್ತಿದ್ದ. ಎರಡನೇ ಮೇಜಿನದು ಬೇಡಮ್ಮ. ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್‌ನಲ್ಲಿ ಬರೀ ಅಂಗಿಗೆ ಗುಂಡಿ ಹೊಲಿದವಳು. ಅದು ಮುಚ್ಚಿದ ಮೇಲೆ ತೋರಿಸಿದ ಕೆಲಸವನ್ನೆಲ್ಲ ಬೇಡ ಅಂದು ಈ ಹೆಸರು ಸಂಪಾದಿಸಿದ್ದಳು. ದಾಖಲೆಯಲ್ಲಿ ಎರಡು ‘ಬೇಡ’ ಆಗಿತ್ತು. ಮೂರನೆಯದು ಬಿದ್ದರೆ ಅವಳ ಭತ್ಯೆ ನಿಲ್ಲುತ್ತಿತ್ತು, ಮೇಡಂ ಪಟ್ಟಿಗೆ ಕಪ್ಪುಚುಕ್ಕೆ ಬೀಳುತ್ತಿತ್ತು.

“ಇವತ್ತು ಆ ಮಾತು ಬಾಯಲ್ಲಿ ಬರಬಾರದು ಕಣಕ್ಕ,” ಎಂದರು ಎರಡನೇ ಮೇಡಂ.

“ನಾನೇನು ಚಟಕ್ಕೆ ಅಂತೀನಾ ಮೇಡಂ. ಕೆಲಸಗಳೇ ಹಂಗಿರ್ತವೆ.”

ಮೊದಲು ನೋಡೋಣ, ಆಮೇಲೆ ಬರೆಯೋಣ ಎಂದು ಅವಳನ್ನು ಹೋಟೆಲಿಗೆ ಕರೆದೊಯ್ದರು. ಪಾತ್ರೆ ತೊಳೆಯುವ ಕೆಲಸ. ಬೇಡಮ್ಮ ತೊಟ್ಟಿಯ ನೀರನ್ನು ಒಂದು ನಿಮಿಷ ದಿಟ್ಟಿಸಿ, ಇಲ್ಲಿ ತೊಳೆದ ಲೋಟದಲ್ಲಿ ನೀವು ನೀರು ಕುಡೀತೀರಾ ಎಂದು ಮಾಲೀಕರನ್ನು ಕೇಳಿದಳು. ಊಟಕ್ಕೆ ಕೂತಿದ್ದ ಮೂವರು ಲೋಟ ಕೆಳಗಿಟ್ಟರು. ಮಾಲೀಕರು ಬಾಗಿಲು ತೋರಿಸಿದರು.

ಹೊರಗೆ ಬರುವಷ್ಟರಲ್ಲಿ ಟೈಪಿಸ್ಟ್ ಫೋನು. ತಾತ ಬಂದಿದ್ದಾನಂತೆ, ಒಂದನೇ ಮೇಡಂ ನಗುನಗುತ್ತಾ ಇದ್ದಾರಂತೆ.

ಮುಂದಿನದು ಆಟಿಕೆ ಅಂಗಡಿ, ಮಾರಾಟದ ಕೆಲಸ. ಮೊಮ್ಮಗನಿಗೆಂದು ಕಾರು ಕೊಳ್ಳಲು ಬಂದ ಅಜ್ಜಿ, ಇದು ಬಾಳಿಕೆ ಬರುತ್ತಾ ಎಂದು ಕೇಳಿದರು. ಮನೆ ಗೇಟಿನವರೆಗೆ ಬರುತ್ತೆ ಎಂದಳು ಬೇಡಮ್ಮ. ಇಲ್ಲಿಯ ಬಾಗಿಲನ್ನು ಯಾರೂ ತೋರಿಸಬೇಕಾಗಲಿಲ್ಲ. ಮೇಡಂ ತಾವೇ ಹುಡುಕಿಕೊಂಡರು.

ಮತ್ತೆ ಫೋನು.

“ಅಕ್ಕಾ, ಒಂದನೇ ಮೇಡಂ ತಾತನ್ನ ಕರ್ಕೊಂಡು ಆಚೆ ಹೋದ್ರು. ಕೈಯಲ್ಲಿ ಫೈಲಿತ್ತು. ನಾನಂತೂ ಏನೂ ಹೇಳಲ್ಲಪ್ಪ.”

ಒಲೆಗೆ ಸೀಮೆಎಣ್ಣೆ ಸುರಿದಂತಾಯಿತು. ಬೇಡಮ್ಮನ ಕೈ ಹಿಡಿದು ಮೇಡಂ ಎಳೆದುಕೊಂಡು ಓಡಿದರು. ಬಸ್ಸಿನ ಮೆಟ್ಟಿಲಲ್ಲಿ ಮೇಡಂ ಚಪ್ಪಲಿಯ ಬಾರು ಕಿತ್ತು, ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಬಸ್ಸಿನಲ್ಲಿದ್ದವರೆಲ್ಲ ನಿಲ್ಲಿಸಿ ಎಂದು ಕೂಗಿದರೂ ಅವರು ನಿಲ್ಲಿಸಗೊಡಲಿಲ್ಲ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಕೊನೆಯ ಆಸೆ. ಒದ್ದೆ ಹಾಸಿಗೆ ಬಟ್ಟೆ ಎತ್ತಿಹಾಕಬೇಕು ಎಂದರು ಅಲ್ಲಿಯ ಮುಖ್ಯಸ್ಥರು. ಬೇಡಮ್ಮನ ತುಟಿ ‘ಬೇ’ ಎನ್ನುವಷ್ಟು ತೆರೆಯಿತು.

“ಅಕ್ಕಾ, ನಿಮ್ಮ ಕಾಲು ಹಿಡೀತೀನಿ.”

“ಮೊದಲು ನಿಮ್ಮ ಕಾಲು ನೋಡ್ಕೊಳ್ಳಿ ಮೇಡಂ, ರಕ್ತ ಬರ್ತಿದೆ.”

ಒರೆಸಲು ಬಟ್ಟೆ ಹುಡುಕುತ್ತಾ ಬೇಡಮ್ಮ ಮೂಲೆಯ ರಾಶಿಗೆ ಕೈ ಹಾಕಿದಳು. ರೋಗಿಗಳ ಅಂಗಿಗಳು. ಒಂದಕ್ಕೂ ನೆಟ್ಟಗೆ ಗುಂಡಿ ಇಲ್ಲ, ಎಲ್ಲ ಪಿನ್ನಿನ ಆಧಾರದಲ್ಲಿ ನಿಂತಿವೆ. ಅವಳ ಮುಖವೇ ಬದಲಾಯಿತು. ಚೀಲದಿಂದ ಸೂಜಿ, ದಾರ, ಗುಂಡಿಯ ಡಬ್ಬಿ ತೆಗೆದು ನೆಲಕ್ಕೆ ಕೂತಳು. ಅರ್ಧ ಗಂಟೆಯಲ್ಲಿ ಹದಿನೈದು ಅಂಗಿ ಮಾನ ಮುಚ್ಚುವಂತಾದವು. ಮುಖ್ಯಸ್ಥರು ಬಾಯಿ ತೆರೆದುಕೊಂಡು ನೋಡಿ, ಒದ್ದೆ ಬಟ್ಟೆಗೆ ಬೇರೆ ಯಾರಾದರೂ ಸಿಗುತ್ತಾರೆ ಎಂದು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದರು.

“ಆಯ್ತು,” ಎಂದಳು ಬೇಡಮ್ಮ. ಆಮೇಲೆ ಸೂಜಿಯನ್ನು ಚೀಲಕ್ಕೆ ಸೇರಿಸುತ್ತಾ, “ನನಗೋಸ್ಕರ ಇಷ್ಟು ಓಡಾಡ್ದೋರು ಯಾರೂ ಇಲ್ಲ ಮೇಡಂ.”

ಎರಡನೇ ಮೇಡಂ ತಲೆ ತಗ್ಗಿಸಿದರು. ದಿನವಿಡೀ ಅವರ ಕಣ್ಣ ಮುಂದಿದ್ದದ್ದು ಒಂದನೇ ಮೇಡಂ ಮುಖ ಬಾಡುವ ದೃಶ್ಯ ಮಾತ್ರ.

ಐದಕ್ಕೆ ಹತ್ತು ನಿಮಿಷವಿರುವಾಗ, ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ ಬಂದು ಕೊನೆಯ ಹೆಸರಿಗೆ ಅಡ್ಡಗೆರೆ ಎಳೆದರು. ಒಂದನೇ ಮೇಜಿನ ಬಳಿ ತಾತ ಮತ್ತೆ ಬಂದು ಕೂತಿದ್ದ.

“ನಿಮ್ಮದು ಇನ್ನೂ ಒಂದು ಹೆಸರು ಉಳೀತಲ್ಲ, ಪಾಪ,” ಎಂದರು ಎರಡನೇ ಮೇಡಂ, ಸಕ್ಕರೆ ಸುರಿಸಿ.

“ಏನ್ಮಾಡೋದು ಹೇಳಿ. ಎಲ್ಲರಿಗೂ ನಿಮ್ಮ ಚುರುಕು ಬರುತ್ತಾ?”

ಅಧಿಕಾರಿ ಬಂದರು. ಎರಡನೇ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇಂಥ ಪಟ್ಟಿಯನ್ನು ತಾನು ಎಲ್ಲೂ ಕಂಡಿಲ್ಲವೆಂದು ಎಲ್ಲರ ಮುಂದೆ ಹೊಗಳಿದರು. ಜವಾನ ಚಪ್ಪಾಳೆ ತಟ್ಟಿದ. ಅಧಿಕಾರಿ ಚೀಲದಿಂದ ಒಂದು ಪತ್ರ ತೆಗೆದು, ಬಿಟ್ಟಿದ್ದ ಜಾಗದಲ್ಲಿ ಮೇಜಿನ ಸಂಖ್ಯೆ ತುಂಬಿ ಕೊಟ್ಟರು.

ಎರಡನೇ ಮೇಡಂ ಓದಿದರು. ನಂಬಿಕೆ ಬಾರದೆ ಮತ್ತೊಮ್ಮೆ ಓದಿದರು. ಪಟ್ಟಿಯಲ್ಲಿ ಯಾರೂ ಉಳಿಯದ ಮೇಜನ್ನು ಇಂದಿನಿಂದಲೇ ಮುಚ್ಚಲಾಗಿದೆ, ಇದುವರೆಗಿನ ಸೇವೆಗೆ ವಂದನೆಗಳು ಎಂದಿತ್ತು. ಮೇಲ್ವಿಚಾರಕಿಯ ಹುದ್ದೆಯನ್ನು ಆರು ತಿಂಗಳ ಹಿಂದೆಯೇ ರದ್ದು ಮಾಡಿದ್ದರಂತೆ. ಎರಡೂ ವಿಷಯ ಸಾಹೇಬರಿಗೆ ಮೊದಲೇ ಗೊತ್ತಿತ್ತಂತೆ. ಟೈಪಿಸ್ಟ್ ಯಂತ್ರದ ಹಿಂದೆ ಮುಖ ಮರೆಸಿಕೊಂಡಳು.

ಕೆಲಸ ಹೋದ ದಿನವೇ ಹೆಸರು ಬರೆಸಿದರೆ ಭತ್ಯೆ ತಡವಾಗದು. ಈ ನಿಯಮವನ್ನು ಎರಡನೇ ಮೇಡಂ ಸಾವಿರ ಜನಕ್ಕೆ ಹೇಳಿದ್ದರು. ಬರೆದುಕೊಳ್ಳಲು ಈಗ ಉಳಿದಿದ್ದು ಒಂದೇ ಮೇಜು. ಅವರು ಹೋಗಿ ತಾತನ ಪಕ್ಕದ ಕುರ್ಚಿಯಲ್ಲಿ ಕೂತರು.

ಒಂದನೇ ಮೇಡಂ ಹೊಸ ಹಾಳೆ ತಿರುವಿ, ಮುದ್ದಾದ ಅಕ್ಷರದಲ್ಲಿ ಅವರ ಹೆಸರು ಬರೆದರು.

“ಗಾಬರಿ ಆಗ್ಬೇಡಿ. ನಾನು ನಿಮ್ಮನ್ನ ಯಾವ ಕೆಲಸಕ್ಕೂ ಅವಸರ ಮಾಡಲ್ಲ. ವರ್ಷವಾದ್ರೂ ಪರವಾಗಿಲ್ಲ, ವಾರಕ್ಕೊಂದ್ಸಲ ಬಂದು ಹೋಗಿ.”

ಆಮೇಲೆ ತಾತನ ಕಡೆ ತಿರುಗಿದರು.

“ನೀವಿನ್ನು ಸೋಮವಾರದಿಂದ, ಇವತ್ತು ಹೋಗಿ ನೋಡ್ಕೊಂಡು ಬಂದ್ವಲ್ಲ, ಆ ಗಡಿಯಾರದ ಅಂಗಡಿಗೆ ಸೇರ್ಕೊಳ್ಳಿ ತಾತ. ಈಗ ಪಟ್ಟೀಲಿ ಇವರಿದ್ದಾರೆ.”

ತಾತನ ಮುಖ ಅರಳಿತು. ಎರಡನೇ ಮೇಡಂ ಅದನ್ನು ಓರೆಗಣ್ಣಿನಿಂದ ನೋಡಿದರು. ಈ ವಯಸ್ಸಿನಲ್ಲಿ ಇವನಿಗೂ ಕೆಲಸ.