ಭೋಂಗಾ ಕೇಳಿ ಬಂದ ಮೊಸಳಿ

ನಮ್ಮ ಅಂಬೇವಾಡಿ ಚಹಾದಂಗಡಿ ಬೆಂಚಿನ ಗುಣಾನ ಹಂಗ ಐತ್ರಿ. ಸುಮ್ನ ಕುಂತ್ರೂ ಏನರ ಒಂದು ಫಜೀತಿ ತಾನಾಗೇ ಬಂದು ಮಗ್ಗಲದಾಗ ಕುಂದರತೈತಿ. ಮಿಲ್ಲಿಂದ ರಿಟೈರ್ ಆದ ಮ್ಯಾಲೆ ನಾನೂ ಅಲ್ಲೇ ಠಿಕಾಣಿ ಹೂಡೇನಿ. ನನ್ನ ಬಾಜೂಕ ಮಿಸ್ತ್ರಿ. ಎದುರಿಗೇ ಅವನ ಸ್ಕೂಟರ್ ಗ್ಯಾರೇಜು. ಊರ ಮಂದಿ ಏನ ಕೇಳೂದಿದ್ರೂ ನನ್ನ ಕೇಳ್ತಿದ್ರು. ನಾನು ಗೊತ್ತಿದ್ದದ್ದು ಗೊತ್ತಿದ್ದಂಗ ಹೇಳ್ತಿದ್ದೆ, ಗೊತ್ತಿಲ್ಲದ್ದು ಇನ್ನೂ ಚಂದ ಹೇಳ್ತಿದ್ದೆ. ಈಗ ಯಾರೂ ಕೇಳೂದಿಲ್ಲ. ಯಾಕ ಅಂತ ಹೇಳ್ತೇನಿ, ಕೇಳ್ರಿ.

ನನ್ನ ತಮ್ಮ ಹುಟ್ಟಿದ್ದು

ಮಿಸ್ತ್ರಿ ಮಗಳು ಹಳಿಯಾಳದಾಗ ಕಂಪ್ಯೂಟರ್ ಕ್ಲಾಸ್ ನಡಸ್ತಾಳ. ಆಕಿ ಒಂದಿನ ಅಪ್ಪನ ಫೋನಿನ್ಯಾಗ ಮಾತಾಡೂ ಎಐ ಹಾಕಿ ಕೊಟ್ಲು. ಮಿಸ್ತ್ರಿ ಅದನ್ನ ಬೆಂಚಿಗೆ ತಂದು, ಹೊಸಾ ಅಳಿಯನ್ನ ತೋರಿಸಿದಂಗ ತೋರಿಸಿದಾ.

"ಏನರ ಕೇಳೊ ದೋಸ್ತ."

"ಅನಮೋಡದಾಗ ನೋಡೂವಂಥಾದ್ದು ಏನೈತಿ?" ಅಂತ ಕೇಳಿದೆ. ಅಲ್ಲಿ ಏನೈತ್ರಿ? ಗೋವಾ ಗಡಿ ನಾಕಾ ಐತಿ, ನಿಂತ ಲಾರಿ ಅದಾವ.

ಫೋನು ಶುರು ಮಾಡ್ತು: "ಅನಮೋಡದ ಪ್ರಾಚೀನ ಕೋಟೆ, ಕಮಲದ ಸರೋವರ ಹಾಗೂ ದೋಣಿ ವಿಹಾರ ಪ್ರವಾಸಿಗರ ಮನಸೂರೆಗೊಳ್ಳುತ್ತವೆ."

ನನ್ನ ಕಣ್ಣಾಗ ನೀರು ಬಂತ್ರಿ. ಇಷ್ಟು ವರ್ಷ ಒಬ್ಬನ ಹೊಡದೆ ಈ ಸುಳ್ಳಿನ ಗಾಡಿ. ಈಗ ಜೋಡಿ ಸಿಕ್ಕಿತು.

ಮಿಸ್ತ್ರಿ ಹಣಿ ಬಡಕೊಂಡಾ. "ಯಾ ಅಲ್ಲಾ! ನೀ ಒಬ್ಬಂವಾ ಸಾಲಲಿಲ್ಲ ಅಂತ ನಿನ್ನ ತಮ್ಮನ್ನೂ ಕಳಿಸ್ಯಾನ!"

ತಮ್ಮಗ ಕಾಲು ಬಂದುವು

ಈ ಸುಖ ಭಾಳ ದಿನಾ ಇರಲಿಲ್ಲ. ಮಗಳಿಗೆ ಸುದ್ದಿ ಮುಟ್ಟಿತು. ಬಂದು ಫೋನ್ ಇಸಗೊಂಡು ಏನೋ ತಿರುವಿದ್ಲು.

"ಕಾಕಾ, ಇದು ಇಷ್ಟ ದಿನಾ ಬರೇ ನೆನಪಿನ ಮ್ಯಾಲೆ ಮಾತಾಡ್ತಿತ್ತು. ಈಗ ಇಂಟರ್ನೆಟ್ ಹುಡುಕೂದಕ್ಕ ಜೋಡಸೇನಿ. ಕೇಳಿದ ಕೂಡ್ಲೆ ಹೊರಗ ಹೋಗಿ, ನೋಡಿ ಬಂದು ಹೇಳತೈತಿ. ಎಲ್ಲಿ ನೋಡ್ತು ಅನ್ನೂದನ್ನೂ ಹೇಳತೈತಿ."

"ಅಂದ್ರ ಚಾಡಿಖೋರಗ ಕಾಲು ಹಚ್ಚಿದಿ ಅನ್ನು," ಅಂದೆ.

ಆಗ ಅಲ್ಲೇ ಬಸ್ಸಿಗೆ ಕಾಯ್ತಾ ಜೋಯಿಡಾದ ಒಬ್ಬಾಕಿ ಮಾವಶಿ ಕುಂತಿದ್ಲು, ಹಲಸಿನಹಣ್ಣಿನ ಬುಟ್ಟಿ ಇಟಗೊಂಡು. ಮಿಸ್ತ್ರಿ ಉಮೇದಿಲೆ, "ಮಾವಶಿ, ನಿಮ್ಮ ಬಸ್ಸ ಯಾವಾಗ ಅಂತ ಇದನ್ನ ಕೇಳ್ರಿ," ಅಂದಾ.

ಆಕಿ ಫೋನಿನ ಕಿವ್ಯಾಗ ಒದರಿದಂಗ ಒದರಿದ್ಲು: "ಜೋಡ್ಯಾಕ ಯಾವಾಗೋ ಬಾಬಾ?"

"ಹುಡುಕುತ್ತಿದ್ದೇನೆ," ಅಂತು. ಫೋನಿನ ಮ್ಯಾಲೆ ಚಕ್ರ ತಿರುಗಿತು. ಎಲ್ಲಾರೂ ಬಗ್ಗಿ ನೋಡೂದ್ರಾಗ ಹಿಂದ ಭರ್ರ್ ಅಂತ ಜೋಯಿಡಾ ಬಸ್ಸು ಹೋತು. ಫೋನು ಹೇಳ್ತು: "ಜೋಡುಗಳು ನಿಮ್ಮ ಹತ್ತಿರದ ಅಂಗಡಿಯಲ್ಲಿ ಲಭ್ಯವಿವೆ. ಅಂಗಡಿ ಈಗ ತೆರೆದಿದೆ."

ಮಾವಶಿ ಬಾಯಾಗ ಜೋಯಿಡಾ ಅಂದ್ರ ಜೋಡ್ಯಾ; ನಮ್ಮ ಕಡೆ ಜೋಡು ಅಂದ್ರ ಚಪ್ಪಲಿ. ಮಾವಶಿ ಬಗ್ಗಿ ಕಾಲಾಗಿಂದು ಒಂದು ಕೈಯಾಗ ಹಿಡಕೊಂಡ್ಲು. "ಅಂಗಡಿ ಯಾಕೋ? ಇಲ್ಲೇ ಐತಿ. ನಿನ್ನ ಫೋನಿಗೆ ಕೊಡ್ಲೋ, ನಿನಗ ಕೊಡ್ಲೋ?"

ಮೊಣಕಾಲಿನ ಮಳಿ

ಇಷ್ಟಾದ್ರೂ ಮಂದಿ ಫೋನಿಗೇ ಗಂಟು ಬಿದ್ರು. ಒಂದಿನ ನನ್ನ ಮೊಣಕಾಲು ಜುಮುಜುಮು ಅಂತು. "ಮಳಿ ಬರತೈತಿ, ಒಣಗಿಸಿದ ಮೆಣಸಿನಕಾಯಿ ತಗೀರಿ," ಅಂತ ಓಣಿ ತುಂಬ ಒದರಿದೆ. ಅವರು ಫೋನ್ ಕೇಳಿದ್ರು. "ಆಕಾಶ ನಿರ್ಮಲವಾಗಿರಲಿದೆ," ಅಂತು. ಯಾರೂ ತಗೀಲಿಲ್ಲ. ಮಳಿ ಹೆಂಗ ಹೊಡೀತು ಅಂದ್ರ, ಕಾಳಿ ಹೊಳ್ಯಾಗಿನ ಮೀನು ಗಟಾರದಾಗ ಬಂದು ವಿಳಾಸ ಕೇಳ್ತಿದ್ದುವು. ತೊಯ್ದು ತಪ್ಪಡಿ ಆಗಿ ಮತ್ತ ಕೇಳಿದ್ರು. ಫೋನು, "ಈಗ ನಿಮ್ಮಲ್ಲಿ ಮಳೆಯಾಗುತ್ತಿದೆ," ಅಂತು.

ಎಲ್ಲಾರೂ ತಲಿ ಅಲ್ಲಾಡಿಸಿದ್ರು. "ನೋಡ್ರಿ, ಹೆಂಗ ಕರೆಕ್ಟ್ ಹೇಳ್ತು!"

ಸೊಸಿ ಬೇಕು, ಮೊಸಳಿ ಬ್ಯಾಡ

ಇದು ನಗೂವಂಥಾದ್ದೋ ಅಳೂವಂಥಾದ್ದೋ ನಂಗ ಇನ್ನೂ ತಿಳಿದಿಲ್ಲ.

ಮಿಸ್ತ್ರಿ ಮಗಳಿಗೆ ಮುಂಡಗೋಡದ ಒಂದು ಚಲೋ ಮನೆತನ ಕೂಡಿಬಂತು. ಮಂಗನಿ, ಅಂದ್ರ ನಿಶ್ಚಯ, ತನ್ನ ಮನಿ ಅಂಗಳದಾಗ ಆಗಬೇಕು ಅಂತ ಮಿಸ್ತ್ರಿಗೆ ಜೀವದ ಆಶಾ. ಆಕಿ ತಾಯಿ ಆ ಅಂಗಳದಾಗೇ ಮಗಳನ್ನ ಆಡಿಸಿ ಬೆಳಸಿ, ಅಲ್ಲಿಂದಾನ ಮಣ್ಣಿಗೆ ಹೋದಾಕಿ. ಮನಿಗೆ ಹಸರ ಬಣ್ಣ ಹಚ್ಚಿದಾ. ಪೆಂಡಾಲಿಗೆ ಬಂಬು ನಿಲ್ಲಿಸಿದಾ. ನನ್ನ ಕೈ ಹಿಡಕೊಂಡು, "ದೋಸ್ತ, ಬೀಗರ ಮುಂದ ಅವತ್ತೊಂದಿನ ಬಾಯಿ ಮುಚಗೊಂಡಿರು," ಅಂದಾ. ಆತಪಾ ಅಂದೆ. ಆದ್ರ ನನ್ನ ಬಾಯಿ ನನಗಿಂತ ಮೊದಲ ಮುಂಡಗೋಡಕ್ಕ ಹೋಗಿತ್ತು.

ಆತು ಏನಪಾ ಅಂದ್ರ, ಹೊಳ್ಯಾಗ ರಾಫ್ಟಿಂಗ್ ಮಾಡಾಕ ಬಂದಿದ್ದ ಒಬ್ಬಾಕಿ ಹುಡುಗಿ ಹಿಂದಕ್ಕೊಮ್ಮೆ ನನ್ನ ಮುಂದ ಕ್ಯಾಮೆರಾ ಹಿಡಿದು, "ಅಜ್ಜಾ, ಈ ಊರಿನ ವಿಶೇಷ ಹೇಳಿ," ಅಂದಿದ್ಲು. ಅಷ್ಟು ದೂರದಿಂದ ಬಂದಾಕಿನ್ನ ಬರಿಗೈಲೆ ಕಳಸೂದು ಹೆಂಗ್ರಿ? ಹೇಳಿದೆ: ಮಿಲ್ಲಿನ ಭೋಂಗಾ ಕೂಗಿದ ಕೂಡ್ಲೆ ಹೊಳ್ಯಾಗಿಂದ ಒಂದು ಮೊಸಳಿ ಎದ್ದು ಅಂಬೇವಾಡಿಗೆ ಬರತೈತಿ. ಪಾಳಿ ಮುಗಿಸಿ ಬಂದವರ ಡಬ್ಬಿಯೊಳಗ ಉಳದ ರೊಟ್ಟಿ ತಿಂತೈತಿ. ಶೇಂಗಾ ಚಟ್ನಿ ಇಲ್ಲಂದ್ರ ಮುಟ್ಟೂದಿಲ್ಲ. ಆಕಿ ಅದನ್ನ ಇಂಟರ್ನೆಟ್ಟಿನ್ಯಾಗ ಹಾಕಿದ್ಲು, ಹೊಳಿ ದಂಡ್ಯಾಗಿನ ಖರೇ ಮೊಸಳಿ ಫೋಟೊ ಸಮೇತ.

ಹುಡುಗನ ಅಜ್ಜಿ, ದಾದಿಮಾ ಅಂತಾರ, ಹೊರಡೂ ಮುಂದ ಮನಿ ಫೋನಿಗೆ ಕೇಳ್ಯಾರ: "ಅಂಬೇವಾಡಿ ಹೆಂಗ ಐತಿ?" ಅದೂ ಹುಡುಕಿ ಹೇಳೂ ಫೋನು. ಹೇಳೇತಿ: "ಸೈರನ್ ಮೊಳಗಿದಾಗ ಅಲ್ಲಿ ಮೊಸಳೆ ಸಂಚರಿಸುತ್ತದೆ ಎಂದು ಸ್ಥಳೀಯ ಹಿರಿಯರೊಬ್ಬರು ತಿಳಿಸಿದ್ದಾರೆ. ವಯಸ್ಸಾದವರು ಎಚ್ಚರ ವಹಿಸಿ."

ದಾದಿಮಾ ಹೇಳಿ ಕಳಿಸಿದ್ರು: "ನಮಗ ಸೊಸಿ ಬೇಕು, ಮೊಸಳಿ ಬ್ಯಾಡ. ಮಂಗನಿ ಇಲ್ಲೇ ಆಗಲಿ."

ಮಿಸ್ತ್ರಿ ನನ್ನ ರಟ್ಟಿ ಹಿಡಿದು ಮುಂಡಗೋಡ ಬಸ್ಸಿಗೆ ತುಂಬಿದಾ. ಹೋಗಿ ಕೈ ಮುಗದೆ. "ಅಮ್ಮಾರ, ಆ ಮೊಸಳಿ ನಂದು. ನಾನ ಹುಟ್ಟಿಸಿದ್ದು. ಖರೇ ಅಲ್ಲ."

ದಾದಿಮಾ ನನ್ನ ಮಾರಿ ನೋಡಿ ಫೋನಿಗೆ ಕೇಳಿದ್ರು: "ಈ ಬುಡ್ಢಾ ಮೊಸಳಿ ಸುಳ್ಳು ಅಂತಾನಲ್ಲ?"

"ಒಬ್ಬ ವ್ಯಕ್ತಿಯ ಮಾತನ್ನಷ್ಟೇ ನಂಬುವುದು ಸೂಕ್ತವಲ್ಲ," ಅಂತು ಫೋನು. "ಮೂರು ತಾಣಗಳಲ್ಲಿ ಈ ಮೊಸಳೆಯ ಉಲ್ಲೇಖವಿದೆ."

"ಅಮ್ಮಾರ, ಒಬ್ಬರದು ನೋಡಿ ಒಬ್ಬರು ಬರದಾರ! ಮೂರರಾಗಿನ ಹಿರಿಯಾನೂ ನಾನ!"

"ಶರಮ್ ಇಲ್ಲೇನು?" ಅಂದ್ರು ದಾದಿಮಾ. "ಕಾಲು ಗೋರಿ ಕಡೆ ಚಾಚಿ, ಇಂಥಾ ಸುಳ್ಳು ಹೇಳ್ತೀರಿ!"

ಹುಟ್ಟಿದಾಗಿಂದ ಅಷ್ಟು ಖರೇ ನಾನು ಎಂದೂ ಹೇಳಿದ್ದಿಲ್ಲ. ಬೈಸಿಕೊಂಡದ್ದು ಅವತ್ತೇ.

ಎರಡು ಚಹಾ

ಮಂಗನಿ ಮುಂಡಗೋಡದಾಗ ಆತು. ಚಲೋನ ಆತು, ಹುಡುಗಿ ನಕ್ಕೋತ ಇದ್ಲು. ಇಲ್ಲಿ ಅಂಗಳದಾಗ ಬರೇ ಬಂಬು ನಿಂತಿದ್ದುವು. ಮಿಸ್ತ್ರಿ ಒಬ್ಬನ ಅವನ್ನ ಕಿತ್ತಾ. ನಾ ಹಿಡಿಯಾಕ ಹೋದ್ರ, ಬಂಬು ಆ ಕಡೆ ತಿರುವಿದಾ.

ನಂಗ ಸುಳ್ಳು ಹೇಳಿದ್ದಕ್ಕ ಬ್ಯಾಸರ ಇಲ್ರಿ. ಮೊದಲ ನನ್ನ ಸುಳ್ಳಿಗೆ ಒಂದು ಮರ್ಯಾದಿ ಇತ್ತು: ಎಲ್ಲಾರೂ ಕೇಳ್ತಿದ್ರು, ಯಾರೂ ನಂಬ್ತಿರಲಿಲ್ಲ. ಆ ಹಾಳಾದ ಫೋನು ಅದನ್ನ ನಂಬಿ ಕೆಡಿಸ್ತು.

ಆಮ್ಯಾಲೆ ಮಿಸ್ತ್ರಿ ಬೆಂಚಿಗೆ ಬರ್ತಿದ್ದಾ, ಮಾತು ಬಂದ್. ಒಂದಿನ ಸಂಜಿಮುಂದ ಭೋಂಗಾ ಆತು. ಇಬ್ಬರೂ ಹೊಳಿ ಕಡೆ ನೋಡಿದ್ವಿ. ಅವನ ಮೀಸಿ ಒಂದೀಟು ಅಲ್ಲಾಡಿತು. ಆದ್ರೂ ಸಿಟ್ಟು ಬಿಡಬೇಕಲ್ಲ? ಫೋನ್ ತಗದು, ನನ್ನ ಕಡೆ ನೋಡದ ಕೇಳಿದಾ: "ಈ ಬಾಜೂಕ ಕುಂತಂವಗ ಚಹಾ ಬೇಕಂತೇನು, ನೋಡಿ ಹೇಳು."

ಚಕ್ರ ತಿರುಗಿತು, ತಿರುಗಿತು. "ಕ್ಷಮಿಸಿ. ಈ ಬಗ್ಗೆ ಎಲ್ಲೂ ಮಾಹಿತಿ ಸಿಗಲಿಲ್ಲ. ಪಕ್ಕದಲ್ಲಿರುವವರನ್ನೇ ಕೇಳುವುದು ಒಳ್ಳೆಯದು."

ಮಿಸ್ತ್ರಿ ಫೋನ್ ಕಿಸೆದಾಗ ಇಟ್ಟಾ. ಆಮ್ಯಾಲೆ, "ಚಹಾ ಬೇಕೇನೊ?" ಅಂದಾ.

ನಂಗೂ ಮಾನ ಐತೇನ್ರಿ ಇಲ್ಲ? "ಬ್ಯಾಡ. ಈಗರ ಕುಡದೇನಿ," ಅಂದೆ.

ಅಂವಾ ಅಂಗಡಿ ಕಡೆ ತಿರುಗಿ ಒದರಿದಾ: "ಎರಡು ಚಹಾ!"

ನನ್ನ ಮಾತು ಅಂವಾ ಎಂದರ ನಂಬ್ಯಾನೇನ್ರಿ?